ಎಡಕ್ಕೆ ಹೊರಳಿದರೆ ಸಾಯುವ ಗಾಡಿ

ಕಾಗವಾಡದ ಬಾಳಾಸಾಬನನ್ನು ಜನ ಎರಡು ಕೆಲಸಕ್ಕೆ ಕರೆಯುತ್ತಿದ್ದರು. ಚಾಲೂ ಆಗದ ಗಾಡಿಯನ್ನು ಚಾಲೂ ಮಾಡಲು ಒಂದು. ಮಾತು ಕೇಳದ ಮನುಷ್ಯನಿಗೆ ಮಾತು ಕೇಳುವುದನ್ನು ಕಲಿಸಲು ಇನ್ನೊಂದು. ಮೊದಲನೆಯದಕ್ಕೆ ಅವನ ಅಂಗಡಿಯ ಮುಂದೆಯೇ ಬಂದು ನಿಲ್ಲುತ್ತಿದ್ದರು. ಎರಡನೆಯದಕ್ಕೆ ಯಾರೂ ಬರುತ್ತಿರಲಿಲ್ಲ, ಫೋನು ಮಾಡುತ್ತಿದ್ದರು. ಫೋನಿನಲ್ಲೂ ಕೆಲಸದ ಹೆಸರೆತ್ತುತ್ತಿರಲಿಲ್ಲ. "ಪೈಲ್ವಾನ್ರ, ಸ್ವಲ್ಪ ಬಂದು ನಿಂತು ಹೋಗ್ರಿ" ಅನ್ನುತ್ತಿದ್ದರು. ಬಹಳ ಸಲ ಬಂದು ನಿಂತರೇ ಸಾಕಾಗುತ್ತಿತ್ತು. ಸಾಕಾಗದಿದ್ದಾಗ ಬಾಳಾಸಾಬ ಕೈ ಎತ್ತುತ್ತಿದ್ದ.

ಆ ಕೈ ತಾಲೀಮಿನ ಕೆಂಪು ಮಣ್ಣಿನಲ್ಲಿ ಬೆಳೆದದ್ದು. ಜೈನರ ಮನೆಯ ಹುಡುಗ ಕುಸ್ತಿಗೆ ಬಿದ್ದಾಗ ಜೊತೆಯವರು ನಕ್ಕಿದ್ದರು. ತತ್ತಿ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಇವನೇನು ಮೈ ಕಟ್ಟುತ್ತಾನೆ ಅಂತ. ಹಾಲು, ಬದಾಮು, ತುಪ್ಪದಲ್ಲೇ ಅವನ ಮೈ ಬೇವಿನ ಬೊಡ್ಡೆಯಂತಾಯಿತು. ಕಿವಿಗಳು ಮಣ್ಣಿಗೆ ಉಜ್ಜಿ ಉಜ್ಜಿ ಹಿಚುಕಿದ ಅಂಜೂರದಂತಾದವು. ತಾಯಿ ಕಾಶಿಬಾಯಿ ಮಗನ ಕುಡಿಯುವ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸುತ್ತಿದ್ದಳು. ಅರಿವೆಯಲ್ಲಿ ಉಳಿದದ್ದನ್ನು ಚೆಲ್ಲುತ್ತಿರಲಿಲ್ಲ. ಅದನ್ನು ಮತ್ತೆ ಅದೇ ಬಾವಿಗೆ, ಕೊಡವನ್ನು ನೀರಿನ ಮಟ್ಟದವರೆಗೂ ಇಳಿಸಿ, ಮೆಲ್ಲಗೆ ಬಿಟ್ಟು ಬರುತ್ತಿದ್ದಳು. "ಕಣ್ಣಿಗೆ ಕಾಣದಂಥಾವು ಇರತಾವ ಬಾಳ್ಯಾ. ಅವಕ್ಕೂ ಮನಿ ಐತಿ" ಅನ್ನುತ್ತಿದ್ದಳು. ಮಗ ನೀರು ಕುಡಿದು ತಾಲೀಮಿಗೆ ಹೋಗಿ ಹುಡುಗರ ಕತ್ತು ಹಿಚುಕುತ್ತಿದ್ದ.

ಕೊಗನೊಳ್ಳಿಯ ಕಣದಲ್ಲಿ ಒಮ್ಮೆ ಎದುರಾಳಿ ಬೆನ್ನು ಮಣ್ಣಿಗೆ ತಾಗಿಸಿ ಬಿದ್ದಿದ್ದ, ಪಂಚರು ಸೀಟಿ ಊದಿದ್ದರು. ಬಾಳಾಸಾಬ ಹಿಡಿದ ತೋಳನ್ನು ಬಿಡಲಿಲ್ಲ. ಒಣಗಿದ ಕಬ್ಬು ಮುರಿದ ಹಾಗೆ ಸದ್ದಾಯಿತು. ಆ ಸದ್ದಿನ ಹಿಂದೆ ಬಿದ್ದು ಚಿಕ್ಕೋಡಿಯ ಕೋರ್ಟಿಗೆ ಬಹಳ ದಿನ ಅಲೆದ. ಕೊನೆಗೆ ರಾಜಿಯಾಯಿತು. ಆದರೆ ತಾಲೀಮಿನ ಹಿರಿಯರು ಅವನ ಲಂಗೋಟಿಯನ್ನು ಗೂಟದಿಂದ ತೆಗೆದು ಅವನ ಕೈಗೇ ಕೊಟ್ಟರು. ಅದರ ಅರ್ಥ ಇನ್ನು ಬರಬೇಡ ಅಂತ.

ಅಲ್ಲಿಂದ ನಿಪ್ಪಾಣಿಗೆ ಹೋಗಿ ಒಬ್ಬ ಮುದುಕ ಮೇಸ್ತ್ರಿಯ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಕಲಿತ. ಕಿಡಿ ಯಾಕೆ ಬರುವುದಿಲ್ಲ, ಬ್ಯಾಟರಿ ಯಾಕೆ ತುಂಬುವುದಿಲ್ಲ, ಯಾವ ವೈರು ಎಲ್ಲಿ ಹರಿದು ಕಬ್ಬಿಣಕ್ಕೆ ತಾಗಿ ಕರೆಂಟನ್ನು ನೆಲಕ್ಕೆ ಇಳಿಸುತ್ತದೆ, ಇದೆಲ್ಲ ಅವನಿಗೆ ಕುಸ್ತಿಯ ಪಟ್ಟುಗಳಿಗಿಂತ ಬೇಗ ಒಲಿಯಿತು. ಮೇಸ್ತ್ರಿ ಕಲಿಸಿದ ಮೊದಲ ಪಾಠಕ್ಕೆ ಮಾತ್ರ ಉಪಕರಣವೇ ಬೇಕಿರಲಿಲ್ಲ. "ಗಾಡಿ ಮುಟ್ಟೂಕಿಂತ ಮೊದಲ ಅದನ್ನ ಓಡಿಸಾವನ್ನ ಕೇಳಲೇ. ಯಾವಾಗ ನಿಂತಿತು, ಹೆಂಗ ನಿಂತಿತು, ನಿಲ್ಲೂ ಮುಂದ ಏನ ಮಾಡಾಕತ್ತಿದ್ದಿ ಅಂತ. ಅರ್ಧ ರಿಪೇರಿ ಅಲ್ಲೇ ಆಗತೈತಿ."

ಬಾಳಾಸಾಬ ಕಾಗವಾಡಕ್ಕೆ ಮರಳಿ ಅಂಗಡಿ ಹಾಕಿದ. ಆ ಪಾಠವನ್ನು ಮರೆಯಲಿಲ್ಲ. ಒಂದೇ ಒಂದು ದಿನದ ಹೊರತು.

ದೀಪಾವಳಿ ಕಳೆದು ಮೋಡ ಕವಿದಿದ್ದ ಮುಂಜಾನೆ ಅದು. ಅಥಣಿ ಕಡೆಯ ದ್ರಾಕ್ಷಿ ತೋಟದಿಂದ ಅಮೋಲನ ಫೋನು ಬಂತು. ಅಮೋಲ ಹುಡುಗನಾಗಿದ್ದಾಗ ತಾಲೀಮಿನಲ್ಲಿ ಬಾಳಾಸಾಬನಿಂದಲೇ ಮೊದಲ ಪಟ್ಟು ಕಲಿತವನು. ಈಗ ಅಪ್ಪನ ತೋಟಕ್ಕೆ ಒಡೆಯ.

"ಅಣ್ಣಾ, ಇವತ್ತ ಎರಡೂ ಕೆಲಸ ಅದಾವ. ಎರಡೂ ಕೈ ತಗೊಂಡ ಬರ್ರಿ."

"ಏನಾಗೈತಿ?"

"ಕಪ್ಪಿ ಗಾಡಿ ಸತ್ತೈತಿ. ಕೊಂದಾವ ಸಿಕ್ಕಾನ. ಯಾವ ವೈರ ಕಡದಾನ ನೀವ್ ಹೇಳ್ರಿ. ಯಾವ ಕೈಲೆ ಕಡದಾನ ಅನ್ನೂದನ್ನ ನಾ ಕೇಳ್ತೀನಿ."

ಕಪ್ಪಿ ಗಾಡಿ ಅಂದರೆ ಎಟಿವಿ. ನಾಲ್ಕು ದಪ್ಪ ಗಾಲಿ, ನಡುವೆ ಕುದುರೆಯ ಬೆನ್ನಿನಂಥ ಸೀಟು, ಸೈಕಲ್ಲಿನಂಥ ಹ್ಯಾಂಡಲ್ಲು. ಕಪ್ಪೆ ಕೂತ ಹಾಗೆ ಕೂತಿರುತ್ತದೆಂದು ತೋಟದ ಆಳುಗಳು ಇಟ್ಟ ಹೆಸರು. ಮಳೆ ಬಿದ್ದ ಕರಿಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುವಾಗ ಇದು ಔಷಧದ ಟ್ಯಾಂಕನ್ನು ಎಳೆದುಕೊಂಡು ದ್ರಾಕ್ಷಿಯ ಸಾಲುಗಳ ನಡುವೆ ನುಸುಳಿ ಹೋಗುತ್ತಿತ್ತು. ಆ ದಿನ ಅದು ಓಡಲೇಬೇಕಿತ್ತು. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಮುಗಿದು, ಹೊಸ ಚಿಗುರು ಬಂದು, ಗೊಂಚಲು ಹೂ ಬಿಡುವ ಹೊತ್ತು. ಮೋಡ ಮುಸುಕಿದರೆ ಡೌನಿ ರೋಗ ಎಲೆಯ ಹಿಂದೆ ಬೂದಿಯಂತೆ ಕೂಡುತ್ತದೆ, ಒಂದು ದಿನ ಔಷಧ ತಪ್ಪಿದರೆ ಗೊಂಚಲು ಕರಗಿಹೋಗುತ್ತದೆ.

ಬಾಳಾಸಾಬ ಬೈಕಿನ ಹಿಂದೆ ಒಂದು ಬ್ಯಾಟರಿ ಕಟ್ಟಿಕೊಂಡು, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ತೋಟ ಮುಟ್ಟಿದ. ಮೊದಲು ಕಂಡದ್ದು ಗಾಡಿಯಲ್ಲ, ಮನುಷ್ಯ. ಸಾಲಿನ ಕೊನೆಯ ಕಬ್ಬಿಣದ ಕಂಬಕ್ಕೆ ಸಿದ್ದಲಿಂಗನ ಬಲಗೈಯನ್ನು ಮಣಿಕಟ್ಟಿಗೆ ಬೈಂಡಿಂಗ್ ತಂತಿ ಬಿಗಿದು ಕಟ್ಟಿದ್ದರು. ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುವ ಅದೇ ತೆಳ್ಳನೆಯ ತಂತಿ. ಸಿದ್ದಲಿಂಗ ಈ ಗಾಡಿ ಓಡಿಸುವ ಆಳು, ಹಿಂದೆ ರಿಪೇರಿಗೆ ಬಂದಾಗ ಬಾಳಾಸಾಬ ಕಂಡಿದ್ದವನು. ಅಂಗಿ ಬೆನ್ನಿನ ಮೇಲೆ ಹರಿದಿತ್ತು, ಔಷಧದ ಪೈಪಿನ ಬಾಸುಂಡೆಗಳು ಹರಿದಲ್ಲಿಂದ ಕಾಣುತ್ತಿದ್ದವು. ಮೂಗಿನ ರಕ್ತ ಮೀಸೆಯಲ್ಲಿ ಒಣಗಿತ್ತು.

ಪಂಪಿನ ಮನೆಯ ಬಾಗಿಲಲ್ಲಿ ಅಮೋಲನ ಹೆಂಡತಿ ಸೀಮಾ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಬಳೆ ತುಂಬಿದ್ದವು. ಇನ್ನೊಂದು ಕೈ ಬೋಳು, ಮಣಿಕಟ್ಟಿನ ಸುತ್ತ ಹಳೆಯ ನೀಲಿ ಕಲೆ.

"ನಿನ್ನೆ ರಜಾ ಕೇಳಿದ" ಅಮೋಲ ಶುರು ಮಾಡಿದ. "ತಂಗಿ ಮಗಳ ತೊಟ್ಟಿಲ ಅಂತ. ಔಷಧ ಹೊಡಿಯೂ ದಿನ ಎಲ್ಲಿ ರಜಾ ಕೊಡಲಿ? ಇಲ್ಲ ಅಂದೆ. ಏನಂದ ಗೊತ್ತೇನ್ರಿ? ನಿನ್ನ ಗಾಡಿ ನೆಲಾ ಹಿಡೀಲಿ ಅಂದ. ಇವತ್ತ ಹಿಡೀತು!"

"ಸಿಟ್ಟಿನ್ಯಾಗ ಅಂದಿದ್ದರಿ" ಅಂದ ಸಿದ್ದಲಿಂಗ. ದನಿ ಬಿರುಕಾಗಿತ್ತು. "ಪೈಲ್ವಾನ್ರ, ಒಂದ ಮಾತ ಕೇಳ್ರಿ. ನಾ ಅದನ್ನ ಹೊರಳಿಸಿದಾಗ..."

ಅಮೋಲ ಪೈಪು ಬೀಸಿದ. ಮಾತು ಅಲ್ಲೇ ತುಂಡಾಯಿತು.

ಓಡಿಸುವವನನ್ನು ಮೊದಲು ಕೇಳು ಅಂದ ಮೇಸ್ತ್ರಿಯ ಮಾತು ಬಾಳಾಸಾಬನಿಗೆ ನೆನಪಾಗಲಿಲ್ಲ ಅಂತಲ್ಲ. ಕಟ್ಟಿಹಾಕಿದವನನ್ನು ಕೇಳುವ ರೂಢಿ ಅವನಿಗಿರಲಿಲ್ಲ. ಕಟ್ಟಿಹಾಕಿದವನು ಅವನ ಎರಡನೆಯ ಕೆಲಸದ ಪಾಲು. ಅವನು ಚೀಲ ಬಿಚ್ಚಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಸಾಲು ಮುಗಿದು ಇನ್ನೊಂದು ಸಾಲಿಗೆ ತಿರುಗುವ ಜಾಗದಲ್ಲಿ, ಹ್ಯಾಂಡಲ್ಲು ಎಡಕ್ಕೆ ಪೂರ್ತಿ ಹೊರಳಿದ್ದಂತೆಯೇ, ಗಾಡಿ ಸತ್ತು ನಿಂತಿತ್ತು. ಚಾವಿ ತಿರುವಿದ. ದೀಪ ಮಿಣುಕಲಿಲ್ಲ. ತನ್ನ ಬ್ಯಾಟರಿಗೆ ವೈರು ಕೊಟ್ಟು ಸೆಲ್ಫ್ ಒತ್ತಿದ. ಇಂಜಿನ್ನು ಗಿರಗಿರ ತಿರುಗಿತು, ಹತ್ತಲಿಲ್ಲ. ಪ್ಲಗ್ಗು ಬಿಚ್ಚಿ, ಅದರ ತಲೆಗೆ ವೈರು ಸಿಕ್ಕಿಸಿ, ಮೈಯನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಮತ್ತೆ ತಿರುಗಿಸಿದ. ಪ್ಲಗ್ಗಿನ ಹಲ್ಲುಗಳ ನಡುವೆ ನೀಲಿ ಕಿಡಿ ಹಾರಬೇಕಿತ್ತು. ಹಾರಲಿಲ್ಲ. ಹೊಸ ಪ್ಲಗ್ಗು ಹಾಕಿ ನೋಡಿದ. ಅದಕ್ಕೂ ಇಲ್ಲ.

"ಕಿಡಿ ಇಲ್ಲ. ಚಾರ್ಜಿಂಗೂ ಇಲ್ಲ, ಬ್ಯಾಟರಿ ಖಾಲಿ" ಅಂದ.

"ಎರಡೆರಡ ರೋಗ ಒಂದ ದಿನಾ ತಾನಾಗೇ ಬರತಾವೇನ್ರಿ?" ಅಮೋಲ ಹಲ್ಲು ಕಚ್ಚಿದ. "ಕೈ ಹಾಕಿದ್ರನ ಬರತಾವ."

ಬಾಳಾಸಾಬ ಸೀಟು ಎತ್ತಿದ. ಫ್ಯೂಜಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಇರುವೆಗಳ ಸಂಸಾರ. ಮೂಲೆಯಲ್ಲಿ ಅಕ್ಕಿಯ ನುಚ್ಚಿನಂಥ ಮೊಟ್ಟೆ, ಅವುಗಳ ಮೇಲೆ ಗಾಬರಿಯ ಓಡಾಟ. ಅವನು ಕೆಲಸ ನಿಲ್ಲಿಸಿದ. ಚೀಲದಿಂದ ಮೆತ್ತನೆಯ ಬ್ರಷ್ಷು ತೆಗೆದು, ಒಂದು ಬಳ್ಳಿಯ ಎಲೆ ಕಿತ್ತು, ಇರುವೆಗಳನ್ನು ಒಂದೊಂದಾಗಿ ಎಂಬಂತೆ ಎಲೆಯ ಮೇಲೆ ಸರಿಸಿದ. ಮೊಟ್ಟೆಗಳನ್ನು ಉಸಿರು ಬಿಗಿಹಿಡಿದು ಜಾರಿಸಿದ. ಎದ್ದು ಹೋಗಿ ಬದುವಿನ ಒಣ ಮಣ್ಣಿನಲ್ಲಿ, ನೆರಳು ನೋಡಿ, ಎಲೆಯನ್ನು ಇಟ್ಟು ಬಂದ. ಕಂಬದಿಂದ ಸಿದ್ದಲಿಂಗ ಇದನ್ನೆಲ್ಲ ನೋಡುತ್ತಿದ್ದ.

ಮತ್ತೆ ಬಗ್ಗಿದಾಗ ಡಬ್ಬಿಯ ಹಿಂದೆ ಒಂದು ವೈರು ಕಂಡಿತು. ತುಂಡಾಗಿತ್ತು. ಸವೆದದ್ದಲ್ಲ, ಸುಟ್ಟದ್ದಲ್ಲ, ಬ್ಲೇಡಿನಿಂದ ಕೊಯ್ದ ಹಾಗೆ ನುಣ್ಣಗೆ.

"ಕಡದಾನ" ಅಂದ ಬಾಳಾಸಾಬ.

ಅವನ ಬಾಯಿಂದ ಅದೊಂದೇ ಮಾತು ಬಂದದ್ದು. ಮುಂದಿನದನ್ನು ಕೈ ಆಡಿತು. ಎದ್ದು, ಕಂಬದ ಹತ್ತಿರ ಹೋಗಿ, ಸಿದ್ದಲಿಂಗನ ಕಪಾಳಕ್ಕೆ ಬಾರಿಸಿದ. ತಾಲೀಮಿನ ಕೈ. ಸಿದ್ದಲಿಂಗನ ಕಾಲು ಕುಸಿದವು, ಮೈಯ ಭಾರವೆಲ್ಲ ಕಟ್ಟಿದ ಮಣಿಕಟ್ಟಿಗೆ ಬಿತ್ತು. ತಂತಿ ಚರ್ಮದೊಳಗೆ ಇಳಿಯಿತು. ಅವನು ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಉಗುಳಿದ. ಪಂಪಿನ ಮನೆಯ ಬಾಗಿಲಲ್ಲಿ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

ಅಮೋಲ ಜೇಬಿನಿಂದ ಚಾಟ್ನಿಯ ಕತ್ತರಿ ತೆಗೆದ. ಹೆಬ್ಬೆರಳಿನಷ್ಟು ದಪ್ಪದ ಬಳ್ಳಿಯನ್ನು ಒಂದೇ ಹಿಡಿತಕ್ಕೆ ಕತ್ತರಿಸುವಂಥದ್ದು.

"ಅಣ್ಣಾ, ಕೈ ಹಿಡೀರಿ ಇವಂದು. ಒಂದ ವೈರಿಗೆ ಒಂದ ಬೆಳ್ಳು. ಹೆಚ್ಚಿಲ್ಲ, ಕಮ್ಮಿ ಇಲ್ಲ."

ಸಿದ್ದಲಿಂಗ ಬೆರಳುಗಳನ್ನು ಮುಷ್ಟಿ ಕಟ್ಟಲು ನೋಡಿದ. ಬಾತ ಬೆರಳು ಮಡಿಚಲಿಲ್ಲ.

"ತಡಿ" ಅಂದ ಬಾಳಾಸಾಬ. ಕರುಣೆಯಿಂದ ಅಂದದ್ದಲ್ಲ. ರಿಪೇರಿ ಅರ್ಧಕ್ಕೆ ಬಿಟ್ಟು ಇನ್ನೊಂದು ಕೆಲಸಕ್ಕೆ ಕೈ ಹಾಕುವುದು ಅವನಿಗೆ ಆಗದು. "ಮೊದಲ ಇದನ್ನ ಕೂಡಸ್ತೀನಿ. ಗಾಡಿ ಚಾಲೂ ಆಗಲಿ. ಇನ್ನೆಷ್ಟ ಕಡದಾನೋ ನೋಡೂಣು."

ವೈರಿನ ಎರಡು ತುದಿ ಸುಲಿದು, ಹೊಸೆದು ಕೂಡಿಸಿದ. ಚಾವಿ ತಿರುವಿದ. ಸಾಲು ತಿರುಗಿಸುವಾಗ ಹಾಕಿದ್ದ ಹಿಂದಿನ ಗೇರಿನಲ್ಲೇ ಗಾಡಿ ಇತ್ತು. ಸೀಟಿನ ಕೆಳಗಿಂದ ಏನೋ ಕಿರುಚಿಕೊಂಡಿತು: ಪೀಂ, ಪೀಂ, ಪೀಂ, ಪೀಂ.

ಎಲ್ಲರೂ ಬೆಚ್ಚಿದರು. ಅದು ಗಾಡಿ ಹಿಂದೆ ಸರಿಯುವಾಗ ಜನರಿಗೆ ಎಚ್ಚರ ಕೊಡುವ ಪೀಪಿ. ಬಾಳಾಸಾಬ ಪ್ಲಗ್ಗು ತಾಗಿಸಿ ಸೆಲ್ಫ್ ಒತ್ತಿದ. ಕಿಡಿ ಇಲ್ಲ. ಕೂಡಿಸಿದ ವೈರಿಗೂ ಕಿಡಿಗೂ ಸಂಬಂಧವೇ ಇರಲಿಲ್ಲ.

ಅವನು ತಲೆಯೆತ್ತಿ ಅಮೋಲನ ಮುಖ ನೋಡಿದ. ಅಮೋಲ ಬೇರೆ ಕಡೆ ನೋಡುತ್ತಿದ್ದ.

"ಯಾರ್ ಕಡದದ್ದು ಇದನ್ನ?"

"ಅದ... ಗಾಡಿ ತಂದ ಹೊಸದಾಗಿ. ಎಮ್ಮಿ ಬೆದರತಿದ್ದು ಆ ದನಿಗೆ. ನಾನ ಕಡದಿದ್ದೆ" ಅಂದ ಅಮೋಲ. ತಕ್ಷಣ ದನಿ ಏರಿಸಿದ. "ಅದ ಬ್ಯಾರೆ, ಇದ ಬ್ಯಾರೆ! ಇನ್ನೊಂದ ಎಲ್ಲೋ ಕಡದಾನ ಇಂವ. ಹುಡುಕ್ರಿ!"

ಬಾಳಾಸಾಬ ಹುಡುಕಲಿಲ್ಲ. ತನ್ನ ಬಲಗೈಯನ್ನು ನೋಡಿಕೊಂಡ. ಅಂಗೈ ಇನ್ನೂ ಉರಿಯುತ್ತಿತ್ತು. ಎದ್ದು ಕಂಬದ ಹತ್ತಿರ ಬಂದಾಗ ಸಿದ್ದಲಿಂಗ ಮತ್ತೊಂದು ಏಟಿಗೆ ತಲೆ ಒಳಗೆಳೆದುಕೊಂಡ.

"ಸಿದ್ದಲಿಂಗ" ಅಂದ. ಅಲ್ಲಿಗೆ ಬಂದಾಗಿನಿಂದ ಆ ಹೆಸರನ್ನು ಯಾರೂ ಆಡಿರಲಿಲ್ಲ. "ಏನೋ ಹೇಳಾಕತ್ತಿದ್ದಿ. ಹೊರಳಿಸಿದಾಗ ಏನಾತು?"

ಸಿದ್ದಲಿಂಗ ಅವನನ್ನೇ ನೋಡಿದ. ತುಟಿ ಒಡೆದು ಮಾತು ತೊದಲಿತು, ಆದರೂ ಒಂದೊಂದು ಅಕ್ಷರ ಕೇಳಿಸುವ ಹಾಗೆ ಹೇಳಿದ.

"ಇರಿವಿ ಕಂಡ್ರ ಕೈ ಇಷ್ಟ ಹಗರ ಆಗತೈತಿ ನಿಮ್ಮದು. ಎಲಿ ಮ್ಯಾಲ ಹಾಕಿ ನೆರಳಿಗಿ ಇಟ್ಟ ಬಂದ್ರಿ. ನನ್ನ ಮಾರಿ ಆ ಇರಿವಿಕಿಂತ ಸಣ್ಣದ ಕಂಡತೇನ್ರಿ ಪೈಲ್ವಾನ್ರ?"

"ಕ್ಷಮಾ ಮಾಡು" ಅಂದ ಬಾಳಾಸಾಬ. ಪ್ರತಿ ವರ್ಷ ಜೈನರ ಪರ್ವ ಮುಗಿದ ಮೇಲೆ ಓಣಿಯಲ್ಲಿ ಎಲ್ಲರಿಗೂ ಕೈ ಮುಗಿದು ಅನ್ನುವ ಮಾತು ಅದು. ಅಲ್ಲಿ ಎಲ್ಲರೂ ನಕ್ಕು ತಿರುಗಿ ಅದನ್ನೇ ಅನ್ನುತ್ತಾರೆ. ಇಲ್ಲಿ ಸಿದ್ದಲಿಂಗ ಗಾಡಿಯ ಸುದ್ದಿ ಮಾತ್ರ ಹೇಳಿದ.

"ನೆಟ್ಟಗ ಹೋಗತೈತಿ. ಎಡಕ್ಕ ಹೊರಳಿಸಿದ್ರ ಸಾಯತೈತಿ. ನಾಕ ದಿನಾತು ದೀಪಾನೂ ಮಂಕಾಗಿತ್ತು. ಮಾಲಕ್ರಿಗೆ ಹೇಳೇನಿ. ಓಡಿಸಾಕ ಬರಂಗಿಲ್ಲ ನಿನಗ ಅಂದ್ರು."

ಬಾಳಾಸಾಬ ಗಾಡಿಗೆ ಮರಳಿ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿದ. ಪ್ಲಗ್ಗು ಹಿಡಿದು ಸೆಲ್ಫ್ ಒತ್ತಿದ. ಚಟ್ ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಎಡಕ್ಕೆ ಹೊರಳಿಸಿದ. ಕಿಡಿ ಸತ್ತಿತು. ನೆಟ್ಟಗೆ ಮಾಡಿದ. ಬಂತು. ಈ ಮನುಷ್ಯನ ಮಾತನ್ನು ಬಂದ ಕೂಡಲೇ ಕೇಳಿದ್ದರೆ ಆ ಹಲ್ಲು ಅವನ ಬಾಯಲ್ಲೇ ಇರುತ್ತಿತ್ತು.

ಪ್ಲಗ್ಗು ಹಾಕಿ, ಗೇರು ತೆಗೆದು, ನೆಟ್ಟಗೆ ಇಟ್ಟು ಚಾಲೂ ಮಾಡಿದ. ಇಂಜಿನ್ನು ಗುಡುಗಿತು. ತನ್ನ ಬ್ಯಾಟರಿಯ ವೈರು ತೆಗೆದು, ಗಾಡಿಯ ಬ್ಯಾಟರಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ ವೇಗ ಏರಿಸಿದ. ಬ್ಯಾಟರಿ ತುಂಬುತ್ತಿದ್ದರೆ ಮುಳ್ಳು ಹದಿನಾಲ್ಕರ ಸಮೀಪ ಏರಬೇಕು. ಅದು ಹನ್ನೆರಡರ ಕೆಳಗೇ ತೂಕಡಿಸಿತು.

"ಎರಡ ರೋಗ ಅಲ್ಲ ಇದು" ಅಂತ ತನಗೆ ತಾನೇ ಅಂದುಕೊಂಡ. "ಎರಡೂ ವೈರು ಒಂದ ಕಡೆ ಕಬ್ಬಿಣಕ್ಕ ತಾಗ್ಯಾವ."

ಇಂಜಿನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಹ್ಯಾಂಡಲ್ಲಿನಿಂದ ಇಳಿಯುವ ವೈರಿನ ಕಟ್ಟನ್ನು ಬೆರಳಿನಿಂದ ತಡವುತ್ತ ಕೆಳಗೆ ಬಂದ. ಕಿಡಿಯನ್ನು ಬೇಕೆಂದಾಗ ಆರಿಸುವ ಗುಂಡಿಯ ವೈರು, ಇಂಜಿನ್ನಿನಿಂದ ಚಾರ್ಜ್ ತರುವ ಹಳದಿ ವೈರು, ಎಲ್ಲ ಒಂದೇ ಕಪ್ಪು ಕೊಳವೆಯೊಳಗೆ, ಮುಂದಿನ ಕಬ್ಬಿಣದ ಚೌಕಟ್ಟಿಗೆ ಅಂಟಿಕೊಂಡು ಹೋಗಿದ್ದವು. ಚೌಕಟ್ಟಿನ ಸಂದಿಯಲ್ಲಿ ಬೆರಳಿಗೆ ಏನೋ ಚುಚ್ಚಿತು. ತಲೆ ತೂರಿಸಿ ನೋಡಿದ.

ಬೈಂಡಿಂಗ್ ತಂತಿ. ಕಬ್ಬಿಣ ಮತ್ತು ವೈರಿನ ಕಟ್ಟು ಎರಡನ್ನೂ ಸೇರಿಸಿ, ಮುರಿ ಹಾಕಿ, ಬಿಗಿದು ಕಟ್ಟಿದ್ದು. ಹ್ಯಾಂಡಲ್ಲು ಎಡಕ್ಕೆ ಹೊರಳಿದಾಗಲೆಲ್ಲ ಕಟ್ಟು ಸೆಳೆದು, ತಂತಿ ಕೊಳವೆಯನ್ನು ಕೊಯ್ದು, ತಾಮ್ರದವರೆಗೂ ಇಳಿದಿತ್ತು. ಮುರಿಯ ನಡುವೆ ಒಂದು ಒಣಗಿದ ತೊಟ್ಟು, ಅದಕ್ಕೆ ಎರಡು ಎಸಳು. ಚೆಂಡು ಹೂವು.

ದಸರೆಯ ಖಂಡೇ ಪೂಜೆಯಲ್ಲಿ ಗಾಡಿಗೆ ಕಟ್ಟಿದ ಮಾಲೆ. ಹೂವು ಒಣಗಿ ಉದುರಿದ್ದವು, ತಂತಿ ಉಳಿದಿತ್ತು.

ಬಾಳಾಸಾಬ ತಲೆ ಹೊರಗೆ ತೆಗೆಯಲಿಲ್ಲ. ಮಾಲೆ ಯಾರು ಕಟ್ಟಿರಬೇಕು ಅನ್ನುವುದು ಕೇಳದೆಯೂ ತಿಳಿಯಿತು. ಹೇಳಿದರೆ ಕಂಬದಲ್ಲಿದ್ದವನ ಬೆರಳು ಉಳಿಯುತ್ತವೆ, ಬಾಗಿಲಲ್ಲಿ ನಿಂತವಳ ಮೈ ಹೋಗುತ್ತದೆ. ಹೇಳದಿದ್ದರೆ ಕತ್ತರಿ ಇನ್ನೂ ಅಮೋಲನ ಕೈಯಲ್ಲೇ ಇತ್ತು.

"ಏನ ಸಿಕ್ಕತು?" ಅಮೋಲ ಬಗ್ಗಿದ. ಅವನ ಕಣ್ಣು ತಂತಿಯನ್ನೂ ಎಸಳನ್ನೂ ಒಟ್ಟಿಗೇ ಕಂಡವು. ತಿರುಗಿ ಪಂಪಿನ ಮನೆಯ ಕಡೆ ನೋಡಿದ.

"ಏ ಸೀಮಾ. ಬಾ ಇಲ್ಲಿ."

ಸೀಮಾ ಬಂದಳು. ಅವನಿಂದ ಕೈಯಳತೆಯ ಆಚೆ ನಿಂತಳು. ಎಷ್ಟು ದೂರ ನಿಲ್ಲಬೇಕೆಂಬುದನ್ನು ಮೈ ಕಲಿತಿತ್ತು.

"ಮಾಲಿ ಯಾರ್ ಕಟ್ಟಿದ್ದು?"

"ನಾನರಿ. ನೀವ ಕೊಟ್ರಿ ತಂತಿ. ದಾರ ಹರೀತೈತಿ, ಇದರಲೆ ಬಿಗದ ಕಟ್ಟು ಅಂದ್ರಿ."

"ಗಾಡಿಗೆ ಕಟ್ಟು ಅಂದೆ. ವೈರಿಗೆ ಕಟ್ಟು ಅಂದೆನೇನ!"

"ಕತ್ತಲಿತ್ತರಿ ಸಂದ್ಯಾಗ. ಸಡಿಲ ಆದ್ರ ಮತ್ತ ಬೈತೀರಿ ಅಂತ..."

ಅವನು ಒಂದೇ ಹೆಜ್ಜೆಗೆ ಆ ಅಳತೆಯನ್ನು ದಾಟಿದ. ಸೆರಗಿನ ಮೇಲಿಂದಲೇ ಕೂದಲು ಹಿಡಿದು ಅವಳ ಮುಖವನ್ನು ಗಾಡಿಯ ಕಬ್ಬಿಣಕ್ಕೆ ಬಡಿದ. "ನೋಡು! ನೋಡ ನಿನ್ನ ಪೂಜಿ!" ಇನ್ನೊಮ್ಮೆ ಬಡಿಯಲು ಎತ್ತಿದ. ಕತ್ತರಿಯ ಕೈ ಮೇಲೆದ್ದಿತ್ತು.

ಬಾಳಾಸಾಬ ಆ ಮಣಿಕಟ್ಟನ್ನು ಹಿಡಿದ. ಅಮೋಲ ಕೈ ಕಿತ್ತುಕೊಂಡು ಹೊರಳಿ ಕತ್ತರಿಯನ್ನು ಅವನ ಮುಖಕ್ಕೇ ತಿವಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಆ ಕಣ್ಣು ಕಾಣದಂತಾದರೂ ಬಾಳಾಸಾಬ ಅವನ ತೋಳಿನ ಕೆಳಗೆ ನುಗ್ಗಿ, ಬೆನ್ನ ಹಿಂದೆ ತಿರುಚಿ, ಮೊಣಕಾಲಿನಿಂದ ಕೆಸರಿಗೆ ಒತ್ತಿದ. ತಾನೇ ಕಲಿಸಿದ ಪಟ್ಟು. ಬಿಡಿಸಿಕೊಳ್ಳುವುದನ್ನು ಕಲಿಸಿರಲಿಲ್ಲ. ತೋಳನ್ನು ಮೇಲಕ್ಕೆತ್ತಿದ. ಇನ್ನಷ್ಟು ಎತ್ತಿದ. ಭುಜದ ಕೀಲು ಒಳಗೇ ಕಿರ್ ಎಂದಿತು. ಇದರ ಮುಂದಿನ ಸದ್ದು ಯಾವುದೆಂದು ಬಾಳಾಸಾಬನಿಗೆ ಗೊತ್ತಿತ್ತು. ಅಮೋಲ ಕೆಸರಿನೊಳಗೆ ಬಾಯಿಟ್ಟು ಊಳಿಟ್ಟ.

"ಮುರೀರಿ" ಅಂದ ಕಂಬದಿಂದ ಸಿದ್ದಲಿಂಗ. ಕೂಗಲಿಲ್ಲ, ಮೆಲ್ಲಗೇ ಅಂದ. "ಮುರಿಯಾಕ ಬಂದಿದ್ರಲ್ಲ ನೀವು. ಮುರೀರಿ."

ಬಾಳಾಸಾಬನ ತೋಳಿನಲ್ಲಿ ಹಳೆಯ ಸುಖವೊಂದು ಎದ್ದಿತು. ಕೊಗನೊಳ್ಳಿಯಲ್ಲಿ ಸೀಟಿ ಕೇಳಿದ ಮೇಲೂ ಬಿಡದ ಸುಖ. ಇನ್ನೊಂದು ಗೇಣು ಸಾಕಿತ್ತು.

"ಬ್ಯಾಡ್ರಿ ಅಣ್ಣಾರ." ಸೀಮಾ ಗಾಡಿಗೆ ಆತು ನಿಂತಿದ್ದಳು. ಹಣೆ ಒಡೆದು, ಕುಂಕುಮವೂ ರಕ್ತವೂ ಒಂದಾಗಿ ಮೂಗಿನ ಮೇಲೆ ಇಳಿಯುತ್ತಿತ್ತು. ದನಿಯಲ್ಲಿ ಅಳು ಇರಲಿಲ್ಲ. "ಅವರ ಮ್ಯಾಲ ಮರುಕ ಬಂದ ಅನ್ನಾಕತ್ತಿಲ್ಲ. ನೀವ್ ಮುರದ ಹೋಗತೀರಿ. ಸಂಜೀಕ ಅದನ್ನ ತುಂಬಿಕೊಡಾಕಿ ನಾನು."

ಬಾಳಾಸಾಬ ಅವಳನ್ನು ನೋಡಿದ. ತನ್ನ ಈ ಎರಡನೆಯ ಕೆಲಸ ಮುಗಿಸಿ ಬೈಕು ಹತ್ತಿ ಹೋದ ಮನೆಗಳೆಲ್ಲ ಒಮ್ಮೆಲೇ ಕಣ್ಣಿಗೆ ಬಂದವು. ಬಾಗಿಲ ಮರೆಯಲ್ಲಿ ನಿಂತ ಹೆಂಗಸರು. ತಾನು ಹೋದ ಮೇಲೆ ಬರುವ ಸಂಜೆಗಳು. ಅವುಗಳ ಬಗ್ಗೆ ಅವನು ಎಂದೂ ಯೋಚಿಸಿರಲಿಲ್ಲ.

ತೋಳನ್ನು ಇಳಿಸಿದ. ಕತ್ತರಿ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಟ್ಟು ಎದ್ದ. ಅಮೋಲ ಭುಜ ಹಿಡಿದುಕೊಂಡು ಕೆಸರಿನಲ್ಲಿ ಕೂತು ಬೈಗುಳ ಸುರಿಸಿದ, ಏಳಲಿಲ್ಲ.

ಸೀಮಾ ಬಗ್ಗಿ ಕತ್ತರಿ ಎತ್ತಿಕೊಂಡಳು. ಒಂದು ಕ್ಷಣ ಗಂಡನನ್ನು ನೋಡಿದಳು. ಅಮೋಲನ ಬೈಗುಳ ನಿಂತಿತು. ಆಮೇಲೆ ಅವಳು ಕಂಬದ ಹತ್ತಿರ ಹೋಗಿ, ಕತ್ತರಿಯ ತುದಿಯನ್ನು ಸಿದ್ದಲಿಂಗನ ಚರ್ಮಕ್ಕೆ ತಾಗದ ಹಾಗೆ ತೂರಿಸಿ, ಎರಡು ಕೈಯಿಂದ ಒತ್ತಿ ತಂತಿಯನ್ನು ತುಂಡರಿಸಿದಳು. ಬೆರಳು ಕಪ್ಪಾಗಿದ್ದವು, ಆದರೆ ಐದೂ ಇದ್ದವು.

ಬಾಳಾಸಾಬ ಹುಬ್ಬಿಗೆ ಅರಿವೆ ಬಿಗಿದುಕೊಂಡು ಗಾಡಿಯ ಮುಂದೆ ಮತ್ತೆ ಕೂತ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಪೂಜೆಯ ತಂತಿಯನ್ನು ಕತ್ತರಿಸಿ ತೆಗೆದು, ಹರಿದ ವೈರುಗಳನ್ನು ಬೇರೆ ಬೇರೆ ಮಾಡಿ ಟೇಪು ಸುತ್ತಿ, ಕಟ್ಟನ್ನು ಚೌಕಟ್ಟಿನಿಂದ ಸಡಿಲಾಗಿ ತೂಗುಬಿಟ್ಟ. ಚಾಲೂ ಮಾಡಿದ. ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ. ಇಂಜಿನ್ನು ನಿಲ್ಲಲಿಲ್ಲ. ಮೀಟರಿನ ಮುಳ್ಳು ಹದಿನಾಲ್ಕರ ಹತ್ತಿರ ಹೋಗಿ ನಿಂತಿತು. ದೀಪ ಹಾಕಿ ನೋಡಿದ. ಮೋಡದ ಬೆಳಕಿನಲ್ಲೂ ಅದು ಕಣ್ಣು ಕುಕ್ಕುವಂತೆ ಹತ್ತಿತು.

"ಔಷಧ ಹೊಡಿಬೇಕು" ಅಂದ ಅಮೋಲ ಕೆಸರಿನಿಂದಲೇ, ಯಾರನ್ನೂ ನೋಡದೆ. "ಸಿದ್ದ್ಯಾ, ಹತ್ತ ಗಾಡಿ. ಆದದ್ದ ಆತು."

ಸಿದ್ದಲಿಂಗ ತನ್ನ ಹಲ್ಲನ್ನು ಮಣ್ಣಿನಲ್ಲಿ ಹುಡುಕಿ ಎತ್ತಿ ಜೇಬಿಗಿಟ್ಟುಕೊಳ್ಳುತ್ತಿದ್ದ. ಗಾಡಿಗೆ ಬೆನ್ನು ಹಾಕಿ ಬದುವಿನ ಕಡೆ ನಡೆದ.

ಬಾಳಾಸಾಬ ಬೈಕು ತಂದು ಅವನ ಪಕ್ಕ ನಿಲ್ಲಿಸಿದ. "ಹತ್ತು. ಕೈ ಬಾತೈತಿ. ಅಥಣಿ ದವಾಖಾನಿಗೆ ಬಿಡತೀನಿ."

"ಮೊದಲ ಠಾಣೆ" ಅಂದ ಸಿದ್ದಲಿಂಗ.

"ಮೊದಲ ಔಷಧ ಹಾಕಿಸಿಕೋ."

"ಬಾವು ಇಳದ ಮ್ಯಾಲ ಯಾರ್ ನಂಬ್ತಾರ್ರಿ? ಇದ್ದಾಗ ತೋರಸಬೇಕು." ಬಾತ ಕೈಯನ್ನು ಎದೆಗೆ ಹಿಡಿದುಕೊಂಡಿದ್ದ, ಕೂಸನ್ನು ಹಿಡಿದ ಹಾಗೆ. "ನಿಮ್ಮ ಹೆಸರೂ ಹೇಳಾಂವ ನಾನು. ಕಪಾಳಕ್ಕ ಹೊಡದವ್ರು ನೀವು."

"ಹೇಳು."

"ಗೊತ್ತಿದ್ದ ಕರಕೊಂಡ ಹೋಗತೀರೇನು?"

"ಹತ್ತು" ಅಂದ ಬಾಳಾಸಾಬ.

ಸಿದ್ದಲಿಂಗ ಹತ್ತಿದ. ಒಳ್ಳೆಯ ಕೈಯನ್ನು ಬಾಳಾಸಾಬನ ಹೆಗಲ ಮೇಲಿಡಲಿಲ್ಲ. ಹಿಂದಿನ ಕಬ್ಬಿಣವನ್ನು ಹಿಡಿದುಕೊಂಡ. ತೋಟದ ದಾರಿಯ ಗುಂಡಿಗಳಲ್ಲಿ ಬೈಕು ಎಗರಿದಾಗಲೂ ಅವನ ಮೈ ಬಾಳಾಸಾಬನ ಬೆನ್ನಿಗೆ ತಾಗಲಿಲ್ಲ. ತಾಗದಿರಲು ಅವನು ಎಷ್ಟು ಬಿಗಿಯಾಗಿ ಕೂತಿದ್ದಾನೆಂಬುದು ಬಾಳಾಸಾಬನಿಗೆ ಬೆನ್ನಿನಲ್ಲೇ ತಿಳಿಯುತ್ತಿತ್ತು.

ಡಾಂಬರು ರಸ್ತೆ ಕಾಣುವ ಹೊತ್ತಿಗೆ ಬೈಕಿನ ಕನ್ನಡಿಯಲ್ಲಿ ಒಂದು ದೀಪ ಕಂಡಿತು. ಹಗಲಿನಲ್ಲಿ ಉರಿಯುವ ದೀಪ. ಔಷಧದ ಟ್ಯಾಂಕನ್ನು ಕಳಚಿ ಬಿಟ್ಟು ಕಪ್ಪಿ ಗಾಡಿ ಹಿಂದೆ ಬರುತ್ತಿತ್ತು. ಸೀಟಿನ ಮೇಲೆ ಸೀಮಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆಯ ರಕ್ತ ಒರೆಸದೆ. ಮುಗಳಖೋಡದ ತವರಿನಲ್ಲಿ ಸ್ಕೂಟರ್ ಓಡಿಸಿ ಬಲ್ಲ ಹೆಂಗಸು. ದೀಪ ಆರಿಸುವ ಗುಂಡಿ ಎಲ್ಲಿದೆಯೆಂದು ಮಾತ್ರ ತಿಳಿದಿರಲಿಲ್ಲವೇನೋ. ಅವಳೂ ಸಂಜೆಯಾಗುವುದನ್ನು ಕಾಯಲಿಲ್ಲ.

ಸಿದ್ದಲಿಂಗನೂ ತಿರುಗಿ ನೋಡಿದ. "ಎಡಕ್ಕ ಹೊರಳಿಸಿ ನೋಡೀರೇನ್ರಿ, ಸರಿ ಮಾಡಿದ ಮ್ಯಾಲ?" ಅಂತ ಕೇಳಿದ.

"ನೋಡೇನಿ."

"ಇನ್ನೊಮ್ಮೆ ನೋಡೂಣು."

ಠಾಣೆಯ ದಾರಿ ಎಡಕ್ಕಿತ್ತು. ಬಾಳಾಸಾಬ ಬೈಕು ಹೊರಳಿಸಿ, ವೇಗ ಇಳಿಸಿ, ಒಂದೇ ಕಣ್ಣಿನಿಂದ ಕನ್ನಡಿ ನೋಡುತ್ತ ಹೋದ. ತಿರುವಿನಲ್ಲಿ ಗಾಡಿ ನಿಧಾನಿಸಿತು. ಸೀಮಾ ಹ್ಯಾಂಡಲ್ಲನ್ನು ಎಡಕ್ಕೆ, ಕೊನೆಯವರೆಗೂ, ಎಳೆದಳು. ಇಂಜಿನ್ನಿನ ಸದ್ದು ಹಾಗೆಯೇ ಹಿಂದೆ ಬಂತು.